ಮುಳ್ಳುಕಂಟಿಯ ಕಣಿವೆಯಲ್ಲಿ ಹಗ್ಗ ಹಿಡಿದು ಇಳಿದದ್ದು

ಬೆಳಿಗ್ಗೆ ಒಂಬತ್ತಕ್ಕೆ ಗುಡ್ಡದ ನೆತ್ತಿಯಿಂದ ಹೊರಟೆವು. ಕೆಳಗಿನ ಕೆರೆಯ ಏರಿ ಮುಟ್ಟಿದಾಗ ಸಂಜೆ ಆರೂವರೆ. ಅದರಲ್ಲಿ ಹಗ್ಗ ಕಟ್ಟಿದ್ದು, ಇಳಿದದ್ದು, ಬಿಚ್ಚಿದ್ದು, ಸಿಕ್ಕಿಕೊಂಡಾಗ ಬಿಡಿಸಿದ್ದು ಎಲ್ಲ ಸೇರಿ ಮೂರೂವರೆ ಗಂಟೆ. ಉಳಿದ ಆರು ಗಂಟೆ ಮುಳ್ಳಿನ ಜೊತೆ. ರ‍್ಯಾಪೆಲಿಂಗ್ ಅಂದರೆ ಎಲ್ಲರ ಕಣ್ಣಿಗೆ ಬರುವುದು ಬೋಳು ಬಂಡೆ, ಅದರ ಮೇಲೆ ನೇರವಾಗಿ ಇಳಿಬಿದ್ದ ಹಗ್ಗ, ಅಲ್ವಾ? ನಮ್ಮ ಚಿತ್ರದುರ್ಗದ ಗುಡ್ಡಗಳಲ್ಲಿ ಹಾಗಿಲ್ಲ. ಇಲ್ಲಿ ಬಂಡೆಗಿಂತ ಕಂಟಿ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವನು. ಹಗ್ಗದ ಕೆಲಸ ಕಲಿತದ್ದು ರಾಮನಗರದ ಬಂಡೆಗಳ ಮೇಲೆ. ಅಲ್ಲಿ ಮೇಲಿನಿಂದ ಹಗ್ಗ ಎಸೆದರೆ ಸೀದಾ ನೆಲಕ್ಕೆ ಬೀಳುತ್ತದೆ. ಕೆಳಗೆ ನಿಂತವರು ಕಾಣುತ್ತಾರೆ. ಇಳಿದ ಮೇಲೆ ಹಿಂದಿನ ದಾರಿಯಲ್ಲಿ ನಡೆದು ಮತ್ತೆ ಮೇಲೆ ಹೋಗಬಹುದು. ಕಣಿವೆಯಲ್ಲಿ ಇದು ಯಾವುದೂ ಇಲ್ಲ. ಒಂದು ಜಾರು, ಅಂದರೆ ಹಗ್ಗ ಬೇಕಾಗುವಷ್ಟು ಕಡಿದಾದ ಬಂಡೆ, ಇಳಿದು ಹಗ್ಗ ಎಳೆದುಕೊಂಡೆವು ಅಂದರೆ ಮೇಲಿನ ದಾರಿ ಮುಚ್ಚಿದ ಹಾಗೆ. ಆಮೇಲೆ ಏನಿದ್ದರೂ ಕೆಳಗೇ.

ನಾವು ಇಳಿದ ಕಣಿವೆಯ ಹೆಸರು ಬರೆಯುವುದಿಲ್ಲ. ಅದರಲ್ಲಿ ಕರಡಿ ಇವೆ, ಹೆಜ್ಜೇನು ಇವೆ, ಅವಕ್ಕೆ ಜನ ಬೇಡ. ದುರ್ಗದ ದಕ್ಷಿಣಕ್ಕೆ ಹರಡಿರುವ ಗುಡ್ಡದ ಸಾಲಿನದು, ಜೋಗಿಮಟ್ಟಿ ವನ್ಯಜೀವಿ ಧಾಮದ ಗಡಿಯ ಹೊರಗಿನದು ಅಂತ ಹೇಳಿದರೆ ಸಾಕು. ಹೊರಗಿದ್ದರೂ ಅದು ಅರಣ್ಯ ಇಲಾಖೆಯ ಜಾಗವೇ. ಮೊದಲು ಕಚೇರಿಗೆ ಹೋಗಿ ಪತ್ರ ಕೊಟ್ಟು, ಎಷ್ಟು ಜನ, ಯಾವ ದಿನ, ಎಲ್ಲಿಂದ ಎಲ್ಲಿಗೆ ಅಂತ ಬರೆದುಕೊಟ್ಟು, ಲಿಖಿತ ಅನುಮತಿ ತಗೊಂಡೇ ಹೋದೆವು. ಕೋಟೆಯ ಮೇಲೆ ಯಾಕೆ ಮಾಡಬಾರದು ಅಂತ ಒಬ್ಬ ಗೆಳೆಯ ಕೇಳಿದ. ಅದು ಸಂರಕ್ಷಿತ ಸ್ಮಾರಕ. ಅಲ್ಲಿ ಹಗ್ಗ ಕಟ್ಟುವ ಮಾತೇ ಇಲ್ಲ.

ಇನ್ನೊಂದು ವಿಷಯ, ಕಲ್ಲು ಬೇರೆ. ಕೋಟೆಯ ಕಲ್ಲು ಗ್ರಾನೈಟ್ ಜಾತಿಯದು, ಗುಂಡುಗುಂಡು, ಉಪ್ಪುಕಾಗದದ ಹಾಗೆ ಒರಟು, ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಕೋತಿರಾಜ್ ಅಂತ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಆ ಗೋಡೆ ಹತ್ತುವುದನ್ನು ನೋಡಿದವರಿಗೆ ಅದು ಗೊತ್ತು. ಈ ಗುಡ್ಡದ ಸಾಲು ಹಾಗಲ್ಲ. ಭೂವಿಜ್ಞಾನದವರು ಇದನ್ನು ಚಿತ್ರದುರ್ಗ ಶಿಸ್ಟ್ ಪಟ್ಟಿ ಅನ್ನುತ್ತಾರೆ, ಶಿಸ್ಟ್ ಅಂದರೆ ಪದರಪದರವಾದ ಕಲ್ಲು. 250 ಕೋಟಿ ವರ್ಷಕ್ಕೂ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಈ ಪಟ್ಟಿಯಲ್ಲಿ ಬೇಕಾದಷ್ಟಿದೆ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಲಾವಾ ಕಲ್ಲನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಕಾಪಾಡಿದ್ದಾರೆ, ನೋಡಿಲ್ಲದಿದ್ದರೆ ಒಮ್ಮೆ ನೋಡಿ. ನಮ್ಮ ಕಣಿವೆಯ ಕಲ್ಲು ಕಪ್ಪು ಹಸಿರು ಬಣ್ಣದ್ದು. ಪದರಪದರವಾಗಿ ಬಿರುಕು ಬಿಟ್ಟಿದೆ. ಕೈ ಹಿಡಿದರೆ ಹಿಡಿದ ತುಂಡೇ ಕೈಗೆ ಬರುತ್ತದೆ. ನೀರಿನ ಪಸೆ ಇದ್ದರಂತೂ ಸೋಪಿನ ಹಾಗೆ ಜಾರುತ್ತದೆ. ಹೆಲ್ಮೆಟ್ ಇಲ್ಲದೆ ಒಬ್ಬರೂ ಕಣಿವೆಗೆ ಕಾಲಿಡಬಾರದು ಅಂತ ಹಟ ಮಾಡಿದ್ದು ಇದಕ್ಕೇ.

ಇಳಿಯುವ ಮೊದಲು ಎರಡು ಭಾನುವಾರ ಬರೀ ನೋಡುವುದಕ್ಕೆ ಹೋಗಿದ್ದೆವು. ಮನೆಯಲ್ಲಿ ಕೂತು ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಮಳೆಗಾಲದ ಚಿತ್ರದಲ್ಲಿ ಎಲ್ಲ ಹಸಿರು, ಏನೂ ತಿಳಿಯುವುದಿಲ್ಲ. ಬೇಸಿಗೆಯ ಚಿತ್ರದಲ್ಲಿ ಎಲೆ ಉದುರಿ ಬಂಡೆಯ ಮೆಟ್ಟಿಲುಗಳು, ಅವುಗಳ ನೆರಳು ಚೆನ್ನಾಗಿ ಕಾಣುತ್ತವೆ. ಮೂರು ಕಡೆ ನೆರಳು ಉದ್ದವಾಗಿತ್ತು. ಆದರೆ ನಿಜವಾದ ಮಾಹಿತಿ ಸಿಕ್ಕಿದ್ದು ಕೆಳಗಿನ ಹಟ್ಟಿಯ ಕುರಿ ಕಾಯುವ ಅಜ್ಜನಿಂದ. ಅವರು ಹಳ್ಳದ ಬಾಯಿಂದ ಸ್ವಲ್ಪ ದೂರ ಮೇಲೆ ಕರೆದುಕೊಂಡು ಹೋಗಿ ಕೋಲು ಚಾಚಿ ತೋರಿಸಿದರು. ಅಗೋ ಆ ಗೋಣಿ ಮರದ ಪಕ್ಕ ದೊಡ್ಡ ಜಾರು, ಅದರ ಮೇಲಕ್ಕೆ ಸಣ್ಣದೊಂದು, ಬಲಗಡೆ ಪೊಟರೆಯಲ್ಲಿ ಕರಡಿ ಮಲಗುತ್ತೆ, ಎಡಗಡೆ ಬನ್ನಿ. ಆ ಕೊನೆಯ ಮಾತು ನಮ್ಮ ಇಡೀ ದಾರಿಯನ್ನೇ ತಿದ್ದಿತು.

ದಿನ ಗೊತ್ತು ಮಾಡಿದ್ದು ನವೆಂಬರ್ ಕೊನೆಗೆ. ನಮ್ಮದು ಬರದ ಜಿಲ್ಲೆ ಅಂತ ಹಳ್ಳವನ್ನು ಹಗುರವಾಗಿ ನೋಡಬಾರದು. ಕಣಿವೆಯೊಳಗೆ ಇದ್ದಾಗ ಮೇಲೆ ಒಂದು ಗಂಟೆ ಜೋರು ಮಳೆ ಹೊಡೆದರೂ ನೀರು ಬರುವುದು ನಮ್ಮ ತಲೆಯ ಮೇಲೇ. ಮೊದಲು ಗೊತ್ತು ಮಾಡಿದ್ದ ವಾರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂತು, ಸುಮ್ನೆ ಒಂದು ವಾರ ಮುಂದಕ್ಕೆ ಹಾಕಿದೆವು.

ನಾವು ನಾಲ್ಕು ಜನ. 50 ಮೀಟರ್‌ನ ಎರಡು ಹಗ್ಗ, 10.5 ಮಿಲಿಮೀಟರ್ ದಪ್ಪದ ಸ್ಟಾಟಿಕ್ ಹಗ್ಗ, ಅಂದರೆ ಭಾರ ಬಿದ್ದಾಗ ಹೆಚ್ಚು ಹಿಗ್ಗದ್ದು. ಒಂದೊಂದು ಸುಮಾರು ಮೂರೂವರೆ ಕಿಲೋ. ಹಗ್ಗವನ್ನು ಮಡಚಿ ಇಳಿದರೆ 25 ಮೀಟರ್ ಸಿಗುತ್ತದೆ, ಇಳಿದ ಮೇಲೆ ಒಂದು ತುದಿ ಹಿಡಿದು ಎಳೆದರೆ ಹಗ್ಗ ವಾಪಸ್ ಬರುತ್ತದೆ. ಎರಡನೆಯದು ಮೊದಲನೆಯದು ಸಿಕ್ಕಿಕೊಂಡರೆ ಬೇಕು ಅಂತ. ಎಲ್ಲರಿಗೂ ಸೊಂಟ ತೊಡೆಗೆ ಬಿಗಿಯುವ ಹಾರ್ನೆಸ್, ಹಗ್ಗ ಸುತ್ತಿ ನಿಧಾನಕ್ಕೆ ಇಳಿಯಲು 8ರ ಆಕಾರದ ಫಿಗರ್ ಎಯ್ಟ್, ಲಾಕ್ ಇರುವ ಕ್ಯಾರಬೀನರ್ ಕೊಂಡಿ ಮೂರು, ಪ್ರುಸಿಕ್ ಗಂಟಿಗೆ (ಭಾರ ಬಿದ್ದರೆ ಹಗ್ಗವನ್ನು ಕಚ್ಚುವ, ಭಾರ ತೆಗೆದರೆ ಸರಿಯುವ ಗಂಟು) 6 ಮಿಲಿಮೀಟರ್ ದಾರದ ಎರಡು ಕುಣಿಕೆ, ಚರ್ಮದ ಕೈಗವಸು, ಹಣೆ ದೀಪ. ಮರಕ್ಕೆ ಸುತ್ತಿ ಅಲ್ಲೇ ಬಿಟ್ಟು ಬರುವುದಕ್ಕೆ 15 ಮೀಟರ್ ಕಂದು ಬಣ್ಣದ ವೆಬ್ಬಿಂಗ್ ಅನ್ನುವ ನೈಲಾನ್ ಪಟ್ಟಿ, ಆ ಪಟ್ಟಿಗೆ ಹಾಕಿ ಹಗ್ಗ ಹಾಯಿಸಲು ನಾಲ್ಕು ಉಕ್ಕಿನ ಉಂಗುರ. ಉಂಗುರದ ದುಡ್ಡು ಉಳಿಸಲು ಹೋಗಬೇಡಿ. ಹಗ್ಗವನ್ನು ನೇರವಾಗಿ ಪಟ್ಟಿಯ ಮೇಲೆ ಹಾಯಿಸಿ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಕರಗುತ್ತದೆ. ಬಂಡೆಯ ಅಂಚಿಗೆ ಹಾಸಲು ಎರಡು ಗೋಣಿಚೀಲ. ತಲೆಗೆ ನಾಲ್ಕು ಲೀಟರ್ ನೀರು. ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಬೆಳಗಿನ ಜಾವ ನಾಲ್ಕಕ್ಕೆ ದಾವಣಗೆರೆ ಬಿಟ್ಟು, ಗುಡ್ಡದ ಇನ್ನೊಂದು ಮಗ್ಗುಲಿನ ಕಾಲುದಾರಿಯಲ್ಲಿ ಹತ್ತಿದೆವು. ನೆತ್ತಿಯ ಮೇಲೆ ಗಾಳಿ ಕಿವಿಗೆ ಹೊಡೆಯುತ್ತಿತ್ತು, ಸುತ್ತ ಸಾಲಿನಲ್ಲಿ ಗಾಳಿಯಂತ್ರಗಳು. ಅಲ್ಲಿಂದ ಹಳ್ಳದ ತಲೆ ಹಿಡಿದು ಕೆಳಗೆ.

ಮೊದಲ ಆರುನೂರು ಮೀಟರ್‌ಗೆ ಒಂದೂವರೆ ಗಂಟೆ ಹಿಡಿಯಿತು. ದಡದ ಮೇಲೆ ಹೋಗಲು ನೋಡಿದ್ದು ನಮ್ಮ ಮೊದಲ ತಪ್ಪು. ದಡದಲ್ಲಿ ಲಂಟಾನ ಎದೆಮಟ್ಟ ಬೆಳೆದು ಒಂದರೊಳಗೊಂದು ಹೆಣೆದುಕೊಂಡಿದೆ, ಅದರೊಳಗೆ ಪರಿಗೆ ಮುಳ್ಳು. ಪರಿಗೆ ಮುಳ್ಳು ಹಿಂದಕ್ಕೆ ಬಾಗಿದ ಕೊಕ್ಕೆ. ಮುಂದೆ ನುಗ್ಗಿದಷ್ಟೂ ಹಿಡಿಯುತ್ತದೆ. ನಿಂತು, ಒಂದು ಹೆಜ್ಜೆ ಹಿಂದೆ ಬಂದು, ಬಿಡಿಸಿಕೊಂಡು ಹೋಗಬೇಕು. ಇದನ್ನು ಮೈಗೆ ಕಲಿಸುವುದಕ್ಕೇ ಅರ್ಧ ಗಂಟೆ ಬೇಕು. ಆಮೇಲೆ ದಡ ಬಿಟ್ಟು ಹಳ್ಳದ ಹೊಟ್ಟೆಗೇ ಇಳಿದೆವು. ನೀರು ಹರಿದ ಜಾಗದಲ್ಲಿ ಕಲ್ಲು ಜಾಸ್ತಿ, ಕಂಟಿ ಕಡಿಮೆ. ಕಂಟಿ ಮೇಲೆ ಮುಚ್ಚಿಕೊಂಡ ಕಡೆ ಕೂತು, ಕಾಲು ಮುಂದೆ ಚಾಚಿ ಕೆಳಗೆ ತೂರಿಕೊಂಡು ಹೋದೆವು. ಬ್ಯಾಗನ್ನು ಬೆನ್ನಿಂದ ತೆಗೆದು ಮುಂದೆ ತಳ್ಳಬೇಕು, ಇಲ್ಲದಿದ್ದರೆ ಅದೇ ಸಿಕ್ಕಿಕೊಳ್ಳುತ್ತದೆ. ಮಚ್ಚು ತಂದಿರಲಿಲ್ಲ, ಒಂದು ಗಿಡವನ್ನೂ ಕಡಿಯುವುದಿಲ್ಲ ಅಂತ ಬರೆದುಕೊಟ್ಟಿದ್ದೆವು. ನಸಗುನ್ನಿ ಕಾಯಿ ಕಂಡ ಕಡೆ ಮುಂದಿನವನು ಕೂಗಿ ಹೇಳಬೇಕು ಅಂತ ಮಾತಾಗಿತ್ತು. ಅದರ ರೋಮ ಮೈಗೆ ತಾಗಿದರೆ ತುರಿಕೆಗೆ ಕೈ ಹಗ್ಗದ ಮೇಲೆ ನಿಲ್ಲುವುದಿಲ್ಲ.

ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತಲೇ ಹೋದೆವು. ಕರಡಿಗೆ ಕಣ್ಣು ಮಂದ. ನಮ್ಮ ಸದ್ದು ಮೊದಲೇ ಕೇಳಿದರೆ ತಾನೇ ಸರಿದು ಹೋಗುತ್ತದೆ, ಗಕ್ಕನೆ ಎದುರಾದರೆ ಮೇಲೆ ಬೀಳುತ್ತದೆ. ಒಂದು ಕಡೆ ಹಸಿ ಲದ್ದಿ ಕಂಡಿತು, ತುಂಬ ಸೀತಾಫಲದ ಬೀಜ. ಅಜ್ಜ ಹೇಳಿದ ಎಡಗಡೆ ಹಿಡಿದೆವು.

ಮೊದಲ ಜಾರಿನ ಬಾಯಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಎಲೆ. ಕಲ್ಲು ಬಿಟ್ಟು ಎಣಿಸಿದೆವು. ಒಂದೂವರೆ ಸೆಕೆಂಡ್ ಅಂದರೆ ಸುಮಾರು 11 ಮೀಟರ್, ಎರಡು ಸೆಕೆಂಡ್ ಅಂದರೆ ಹತ್ತಿರ ಹತ್ತಿರ 20. ಇದು ಒಂದೂವರೆ. ಅಂಚಿನಿಂದ ಆರು ಹೆಜ್ಜೆ ಹಿಂದೆ ದಿಂಡಿಗದ ಮರ ಇತ್ತು. ಮರ ನೋಡುವಾಗ ನಾನು ನೋಡುವುದು ಇಷ್ಟು: ಜೀವ ಇದೆಯಾ, ನನ್ನ ತೊಡೆಗಿಂತ ದಪ್ಪ ಇದೆಯಾ, ಬೇರು ಮಣ್ಣಿನೊಳಗೆ ಹೋಗಿದೆಯಾ ಅಥವಾ ಬಂಡೆಯ ಮೇಲೆ ಸುಮ್ನೆ ಕೂತಿದೆಯಾ. ಆಮೇಲೆ ಇಬ್ಬರು ಕಾಲು ಕೊಟ್ಟು ಒದ್ದು, ಬುಡದ ಮಣ್ಣು ಅಲುಗುತ್ತದಾ ಅಂತ ನೋಡಬೇಕು. ಪಟ್ಟಿ ಕಟ್ಟುವುದು ಬುಡಕ್ಕೆ, ಮೇಲೆ ಅಲ್ಲ.

ರಾಮನಗರದ ಅಭ್ಯಾಸದಂತೆ ಹಗ್ಗ ಎಸೆದೆ. ಗಾಳಿಗೆ ಬಾಗಿ ನಾಲ್ಕು ಮೀಟರ್ ಕೆಳಗಿನ ಸೀಗೆ ಬಳ್ಳಿಯ ಮೇಲೆ ಉಂಡೆಯಾಗಿ ಬಿತ್ತು. ಎಳೆದರೆ ಬರಲಿಲ್ಲ. ಮೊದಲು ಇಳಿದವನು ಅರ್ಧದಲ್ಲಿ ನಿಂತು ಒಂದೊಂದೇ ಕೊಕ್ಕೆ ಬಿಡಿಸಿದ, ಇಪ್ಪತ್ತು ನಿಮಿಷ ಹೋಯಿತು. ಮುಂದಿನ ಜಾರುಗಳಲ್ಲಿ ಎಸೆಯಲೇ ಇಲ್ಲ. ಹಗ್ಗವನ್ನು ಸುತ್ತದೆ, ತುದಿಗೆ ಗಂಟು ಹಾಕಿ, ಆ ತುದಿಯಿಂದಲೇ ಶುರು ಮಾಡಿ ಚೀಲಕ್ಕೆ ತುರುಕಿ, ಚೀಲವನ್ನು ಮೊದಲು ಇಳಿಯುವವನ ಸೊಂಟಕ್ಕೆ ತೂಗುಹಾಕಿದೆವು. ಅವನು ಇಳಿದಷ್ಟೂ ಹಗ್ಗ ತಾನೇ ಹೊರಗೆ ಬರುತ್ತದೆ. ಕಂಟಿ ಇರುವ ಕಣಿವೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ತುದಿಯ ಗಂಟು ಮರೆಯಬೇಡಿ, ಹಗ್ಗ ಮುಗಿದದ್ದು ತಿಳಿಯದೆ ಜಾರಿಬಿಡುವುದನ್ನು ತಡೆಯುವುದು ಅದೊಂದೇ. ಎಲ್ಲರೂ ಇಳಿದ ಮೇಲೆ, ಎಳೆಯುವ ಮುಂಚೆ ಆ ಗಂಟು ಬಿಚ್ಚುವುದನ್ನೂ ಮರೆಯಬೇಡಿ. ಬಿಚ್ಚದೆ ಎಳೆದರೆ ಅದು ಮೇಲೆ ಉಂಗುರಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ.

ಎರಡನೆಯದು ಗೋಣಿ ಮರದ ದೊಡ್ಡ ಜಾರು. ಮೊದಲು ಹದಿನೈದು ನಿಮಿಷ ಮಾತಿಲ್ಲದೆ ಕೂತು ಬಂಡೆಯ ಹೊಟ್ಟೆ ನೋಡಿದೆವು. ಹಳೆಯ ಹೆಜ್ಜೇನು ಹುಟ್ಟಿನ ಕಪ್ಪು ಕಲೆ ಇತ್ತು, ಹುಳ ಇರಲಿಲ್ಲ. ಇದ್ದಿದ್ದರೆ ಅಲ್ಲಿಗೇ ವಾಪಸ್, ಅದರಲ್ಲಿ ಎರಡು ಮಾತಿಲ್ಲ. ಹಗ್ಗದ ಮೇಲೆ ನೇತಾಡುವವನು ಓಡಲಾರ. ಅತ್ತರು, ಬೀಡಿ ಸಿಗರೇಟು ಏನೂ ಬೇಡ ಅಂತ ಮನೆಯಲ್ಲೇ ಹೇಳಿದ್ದು ಇದಕ್ಕೆ.

ಗೋಣಿಯ ಬುಡಕ್ಕೆ ಪಟ್ಟಿ ಸುತ್ತಿ ಉಂಗುರ ಹಾಕಿದೆ. ಮೊದಲು ಇಳಿದವನು ಕೆಳಗಿನಿಂದ ಎಳೆದು ನೋಡಿದ, ಹಗ್ಗ ಓಡಿತು. ಇಬ್ಬರು ಇಳಿದರು. ಕೊನೆಗೆ ನಾನು. 20 ಮೀಟರ್, ಕೆಳಗೆ ತಣ್ಣನೆ ನೆರಳು, ಒಂದು ಸಣ್ಣ ಮಡು. ಗಂಟು ಬಿಚ್ಚಿ ಎಳೆದೆವು. ಒಂದು ಮೀಟರ್ ಬಂತು, ನಿಂತಿತು. ಮೂವರು ಜೋತು ಬಿದ್ದರೂ ಇಲ್ಲ. ಗಂಟೆ ಎರಡೂವರೆ.

ಅದೃಷ್ಟಕ್ಕೆ ಎರಡೂ ತುದಿ ಕೈಯಲ್ಲೇ ಇದ್ದವು. ಇದು ಬಹಳ ಮುಖ್ಯ. ಒಂದು ತುದಿ ಮೇಲೆ ಹೋಗಿಬಿಟ್ಟಿದ್ದರೆ ಉಳಿದ ಒಂದೇ ಎಳೆಯನ್ನು ನಂಬಿ ಹತ್ತಬಾರದು. ಅದನ್ನು ಹಿಡಿದಿರುವುದು ಏನು ಅಂತ ಕೆಳಗಿನಿಂದ ಗೊತ್ತಾಗುವುದಿಲ್ಲ, ಯಾವಾಗ ಬೇಕಾದರೂ ಬಿಟ್ಟುಬಿಡಬಹುದು. ಹಾಗೆ ಆಗಿದ್ದರೆ ಆ ಹಗ್ಗವನ್ನು ಅಲ್ಲೇ ಬಿಟ್ಟು ಎರಡನೆಯದರಲ್ಲಿ ಮುಂದೆ ಹೋಗುತ್ತಿದ್ದೆವು. ಎರಡೂ ಎಳೆಗೆ ಸೇರಿಸಿ ಪ್ರುಸಿಕ್ ಸುತ್ತಿದೆ, ಒಂದು ಹಾರ್ನೆಸ್‌ಗೆ, ಇನ್ನೊಂದು ಕಾಲಿಗೆ. ಕಾಲಿನದರ ಮೇಲೆ ಎದ್ದು ನಿಲ್ಲುವುದು, ಸೊಂಟದ್ದನ್ನು ಮೇಲೆ ಸರಿಸುವುದು, ಕೂರುವುದು, ಕಾಲಿನದನ್ನು ಸರಿಸುವುದು. ಆಗಾಗ ನಿಂತು ಕೆಳಗಿನ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆ. 20 ಮೀಟರ್‌ಗೆ ನಲವತ್ತು ನಿಮಿಷ. ಭುಜ ಉರಿಯುತ್ತಿತ್ತು, ಕೆಳಗಿನವರು ಒಂದು ಮಾತೂ ಆಡದೆ ತಲೆ ಎತ್ತಿ ನೋಡುತ್ತಿದ್ದರು.

ಮೇಲೆ ಹೋಗಿ ನೋಡಿದರೆ, ಕೊನೆಗೆ ನಾನು ಇಳಿಯುವಾಗ ನನ್ನ ಭಾರಕ್ಕೆ ಪಟ್ಟಿ ಸರಿದು, ಉಂಗುರ ಬೇರಿಗೂ ಬಂಡೆಗೂ ನಡುವಿನ ಸಂದಿಯಲ್ಲಿ ಕೂತಿತ್ತು. ಹಗ್ಗ ಅಲ್ಲಿ ಚಪ್ಪಟೆಯಾಗಿ ಸಿಕ್ಕಿತ್ತು. ಮೊದಲನೆಯವನು ಎಳೆದು ನೋಡಿದ್ದು ಸರಿಯೇ. ಆದರೆ ನಾನು ಇಳಿಯುವ ಮೊದಲು ಮತ್ತೊಮ್ಮೆ ನೋಡಬೇಕಿತ್ತು, ನೋಡಲಿಲ್ಲ. ಪಟ್ಟಿಗೆ ಇನ್ನೆರಡು ಮೀಟರ್ ಸೇರಿಸಿ ಉದ್ದ ಮಾಡಿ, ಉಂಗುರ ಅಂಚು ದಾಟಿ ಬಂಡೆಯ ಮುಖದ ಮೇಲೆ ನೇತಾಡುವ ಹಾಗೆ ಮಾಡಿದೆ, ಅಂಚಿಗೆ ಗೋಣಿಚೀಲ ಹಾಸಿದೆ. ಹೀಗೆ ಕಟ್ಟಿದರೆ ಕೊನೆಯವನಿಗೆ ಅಂಚು ದಾಟುವುದು ಕಷ್ಟ. ಕೂತು, ಮೊದಲು ತನ್ನನ್ನು ಮರಕ್ಕೆ ಬೇರೆ ಪಟ್ಟಿಯಿಂದ ಕಟ್ಟಿಕೊಂಡು, ಫಿಗರ್ ಎಯ್ಟ್ ಹಾಕಿ, ಮೆಲ್ಲಗೆ ಜಾರಬೇಕು. ಆದರೆ ಕೆಳಗಿನಿಂದ ಎಳೆದಾಗ ಹಗ್ಗ ನೀರಿನ ಹಾಗೆ ಬಂತು. ಗೋಣಿಚೀಲಕ್ಕೆ ಒಂದು ದಾರ ಕಟ್ಟಿ ಇಳಿಬಿಟ್ಟಿದ್ದೆ, ಅದನ್ನೂ ಎಳೆದುಕೊಂಡೆವು.

ಮೂರನೆಯದು ಎಂಟು ಮೀಟರ್. ಬೇಗ ಮುಗಿಯಿತು. ಅಲ್ಲಿಂದ ಕೆಳಗೆ ಮತ್ತೆ ಲಂಟಾನ, ಬಂದರೆ ಅನ್ನುವ ಗಿಡ, ತಂಗಡಿ. ಆರು ಗಂಟೆಗೆ ಮುಂಚೆಯೇ ಹೊತ್ತು ಮುಳುಗಿತು. ಹಣೆ ದೀಪದ ಬೆಳಕಿನಲ್ಲಿ ಕೊನೆಯ ಅರ್ಧ ಕಿಲೋಮೀಟರ್ ನಡೆದೆವು. ಕೆರೆ ಏರಿಯ ಮೇಲೆ ಅಜ್ಜ ಕಂಬಳಿ ಹೊದ್ದು ಕೂತಿದ್ದರು. ಆರೂವರೆಗೆ ಬರದಿದ್ದರೆ ಊರಿನವರನ್ನು ಕರೆಯುತ್ತೇನೆ ಅಂತ ಹೇಳಿದ್ದರು, ಕೂತೇ ಇದ್ದರು.

ಮನೆಗೆ ಬಂದು ಉಣ್ಣೆ ಹುಳ ಕಿತ್ತೆವು, ಮುಳ್ಳು ತೆಗೆದೆವು. ಮಾರನೆಯ ದಿನ ಹಗ್ಗವನ್ನು ಅಂಗಳದಲ್ಲಿ ಹಾಸಿ ಮೊಳಮೊಳವಾಗಿ ಬೆರಳಲ್ಲಿ ಒತ್ತಿ ನೋಡಿದೆ. ಒಂದು ತುದಿಯಿಂದ 11 ಮೀಟರ್ ಕಡೆ ಮೇಲಿನ ಹೊದಿಕೆ ಹರಿದು ಒಳಗಿನ ಬಿಳಿ ಎಳೆ ಇಣುಕುತ್ತಿತ್ತು. ಮೊದಲ ಜಾರಿನಲ್ಲಿ ಗೋಣಿಚೀಲ ಹಾಸದೆ ಬಿಟ್ಟ ಅಂಚಿನಲ್ಲಿ ಉಜ್ಜಿರಬೇಕು, ಅದರ ಮೇಲೆ ನಾಲ್ಕು ಜನ ಇಳಿದಿದ್ದೆವು, ಆಮೇಲೆ ಅದೇ ಹಗ್ಗದಲ್ಲಿ ಗೋಣಿಯ ಜಾರನ್ನೂ ಇಳಿದು ಹತ್ತಿದ್ದೆ. ಬಹಳ ಹೊತ್ತು ಆ ಜಾಗವನ್ನೇ ಹಿಡಿದುಕೊಂಡು ಕೂತಿದ್ದೆ. ಹರಿದ ಜಾಗದ ಎರಡೂ ಕಡೆ ಒಂದೊಂದು ಮೀಟರ್ ಬಿಟ್ಟು ಕತ್ತರಿಸಿದೆ. 38 ಮೀಟರ್‌ನ ಉದ್ದದ ತುಂಡಿಗೆ ಅದರ ಅಳತೆ ಬರೆದು ಪಟ್ಟಿ ಅಂಟಿಸಿದ್ದೇನೆ. ಮಡಚಿದರೆ 19 ಮೀಟರ್, ಗೋಣಿಯ ಜಾರಿಗೆ ಸಾಲದು. ಸಣ್ಣ ತುಂಡನ್ನು ಇನ್ನು ಮನುಷ್ಯರ ಭಾರಕ್ಕೆ ಬಳಸುವ ಹಾಗಿಲ್ಲ. ಅಜ್ಜ ಗಾಡಿಗೆ ಮೇವು ಬಿಗಿಯಲು ಹಗ್ಗ ಬೇಕು ಅಂದಿದ್ದರು, ಮುಂದಿನ ಭಾನುವಾರ ಹೋಗಿ ಕೊಟ್ಟು ಬಂದೆ.