ದವಡೆಯ ಸಂದಿಯನ್ನು ನೋಡುವ ಬಗೆ

ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ ನಾನು ಆಶಾ ಕಾರ್ಯಕರ್ತೆ. ಬಿ.ಪಿ., ಸಕ್ಕರೆ ಪರೀಕ್ಷೆಗೆ ಕೈ ಚಾಚುವ ಅಜ್ಜಿಯರು ಬಾಯಿ ತೆರೆಯಿರಿ ಎಂದರೆ ಸೆರಗು ಅಡ್ಡ ಹಿಡಿಯುತ್ತಾರೆ. ಹಾಗಾಗಿ ಬಾಯಿಯ ಕ್ಯಾನ್ಸರಿನ ಗುರುತುಗಳನ್ನು ಮನೆಯವರೇ ನೋಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಚೆನ್ನಾಗಿ ಬಾಯಿ ಮುಕ್ಕಳಿಸಲಿ. ಎಲೆ ಅಡಿಕೆಯ ಕೆಂಪಿನಲ್ಲಿ ಏನೂ ಕಾಣದು. ಹಲ್ಲುಸೆಟ್ಟು ಇದ್ದರೆ ತೆಗೆಸಿ. ಮೊಬೈಲ್ ಟಾರ್ಚ್ ಹಿಡಿದು, ತೊಳೆದ ಚಮಚದ ಹಿಡಿಯಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿ. "ಎಲೆ ಅಡಿಕೆ ಯಾವ ಕಡೆ ಒತ್ತರಿಸುತ್ತೀಯಮ್ಮಾ?" ಎಂದು ಕೇಳಿ, ಅಲ್ಲಿಂದಲೇ ಶುರುಮಾಡಿ. ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿಸಿದ ಎಲೆ ಅಡಿಕೆಯನ್ನು ದವಡೆಗಿಟ್ಟುಕೊಂಡೇ ಮಲಗುವ ಹೆಂಗಸರು ನಮ್ಮಲ್ಲಿದ್ದಾರೆ. ಅದರ ರಸ ರಾತ್ರಿಯಿಡೀ ಇಳಿಯುವುದು ಒಸಡಿಗೂ ಕೆನ್ನೆಗೂ ನಡುವಿನ ಸಂದಿಗೆ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಕಲೆ, ಗಟ್ಟಿ ಅಂಚಿನ ಹುಣ್ಣು ಇವೆಯೇ ನೋಡಿ. ಬಿಳಿಗಿಂತ ಕೆಂಪಿಗೆ ಹೆಚ್ಚು ಹೆದರಬೇಕು. "ನೋವೇ ಇಲ್ಲ, ಬಿಡು" ಎನ್ನುತ್ತಾರೆ; ಶುರುವಿನಲ್ಲಿ ಕ್ಯಾನ್ಸರ್ ನೋಯುವುದೇ ಅಪರೂಪ.

ಆಮೇಲೆ ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು, ಅಡಿಭಾಗ ನೋಡಿ. ತುಟಿ, ಅಂಗುಳವನ್ನೂ ಬಿಡಬೇಡಿ. ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ಒತ್ತಿ ನೋಡಿ.

ಕೊನೆಗೆ ಅವರದೇ ಮೂರು ಬೆರಳು ಜೋಡಿಸಿ, ನೆಟ್ಟಗೆ ಮುಂದಿನ ಹಲ್ಲುಗಳ ನಡುವೆ ಇಡಿಸಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಅಡಿಕೆಯಿಂದ ಕೆನ್ನೆ ಬಿಗಿಯುತ್ತಿರಬಹುದು. "ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಅಡಿಕೆ" ಎಂಬ ಸಮಾಧಾನ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್ ತರಲು ಅಡಿಕೆಯೊಂದೇ ಸಾಕು ಎಂದಿದೆ. ಪಾನ್ ಮಸಾಲಾ ಹಾಕುವ ಹುಡುಗರಿಗೂ ಈ ಮಾತು ಸಲ್ಲುತ್ತದೆ.

2022ರಲ್ಲಿ ಜಗತ್ತಿನಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದವರು ಸುಮಾರು 3.9 ಲಕ್ಷ ಎಂಬುದು ಅದೇ ವಿಭಾಗದ ಅಂದಾಜು. ಅವರಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಮಂದಿ ಭಾರತದವರು. ಅಮೆರಿಕದಲ್ಲಿ ಸಿಗರೇಟು ಇಳಿದಂತೆ ನಾಲಿಗೆಯಡಿಯ ಕ್ಯಾನ್ಸರ್ ಇಳಿದು, ಎಚ್‌ಪಿವಿ ವೈರಸ್ಸಿನಿಂದ ಬರುವ ಗಂಟಲ ಹಿಂಭಾಗದ್ದು ಏರಿದೆ. ನಮ್ಮದು ಇನ್ನೂ ಜಗಿಯುವುದರ ರೋಗ.

ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಮಚ್ಚೆ ಉಳಿದರೆ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಚೂರು ತೆಗೆದು ಪರೀಕ್ಷಿಸಿದರೆ ರೋಗ ಹರಡುತ್ತದೆ ಎಂದು ನೆಂಟರು ಹೇಳಿಯೇ ಹೇಳುತ್ತಾರೆ, ಕಿವಿಗೊಡಬೇಡಿ. ಹೋಗುವಾಗ ಹಲ್ಲುಸೆಟ್ಟನ್ನೂ ಒಯ್ಯಿರಿ. ಅದು ಉಜ್ಜುವ ಜಾಗವನ್ನು ಡಾಕ್ಟರು ನೋಡಬೇಕಾಗುತ್ತದೆ.