ತೋಡು ದಾಟುವ ಜೀಪಿನ ಕ್ರೌನ್ ಎಣ್ಣೆ

ಆ ವರ್ಷ ಜನವರಿಯಲ್ಲಿ ರೋಬಸ್ಟಾ ಕುಯ್ಲು ಜೋರಾಗಿ ನಡೆಯುತ್ತಿದ್ದಾಗ ನಮ್ಮ ಜೀಪಿನ ಹಿಂದಿನ ಕ್ರೌನ್, ಅಂದರೆ ಆಕ್ಸಲ್ ನಡುವೆ ಚಕ್ರಗಳನ್ನು ತಿರುಗಿಸುವ ಹಲ್ಲುಚಕ್ರಗಳ ಪೆಟ್ಟಿಗೆ, ಕೂಗಲು ಶುರುಮಾಡಿತು. ಆಕ್ಸಿಲರೇಟರ್ ಒತ್ತಿದರೆ ಸಣ್ಣಗೆ ಊಳಿಡುವ ಸದ್ದು, ಕಾಲು ತೆಗೆದರೆ ಸದ್ದಿಲ್ಲ. ಮೊದಲ ಎರಡು ದಿನ ಟೈರಿನ ಸದ್ದು ಅಂದುಕೊಂಡೆ. ಮೂರನೇ ದಿನ ಹಣ್ಣಿನ ಚೀಲ ಹೇರಿಕೊಂಡು ಏರು ಹತ್ತುವಾಗ, ಹಿಂದೆ ಚೀಲಗಳ ಮೇಲೆ ಕೂತಿದ್ದ ಆಳೇ ಕೂಗಿ ಹೇಳಿದ: "ಅಣ್ಣ, ಅಡಿಯಲ್ಲಿ ಏನೋ ಅರೆದ ಹಾಗೆ ಕೇಳ್ತದೆ."

ನಮ್ಮ ತೋಟ ಇರುವುದು ಕಕ್ಕಬ್ಬೆಯಿಂದ ಮೇಲೆ, ತಡಿಯಂಡಮೋಳ್ ಬೆಟ್ಟದ ಕಡೆಗೆ. ಮನೆಯಿಂದ ಕೆಳಗಿನ ಬ್ಲಾಕಿಗೆ ಹೋಗಬೇಕಾದರೆ ಎರಡು ತೋಡು (ಸಣ್ಣ ಹೊಳೆ) ದಾಟಬೇಕು. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು, ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಚಕ್ರದ ನಡುವಿನ ಹಬ್ ಮುಳುಗುವಷ್ಟು. ಜೀಪು ಅಪ್ಪ ಕೊಂಡದ್ದು, 1992ರ ಮಹೀಂದ್ರ ಎಂಎಂ 540. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಇಷ್ಟು ಕಡಿಮೆ ಓಡುವ ಗಾಡಿಗೆ ಕ್ರೌನ್ ಎಣ್ಣೆ ಯಾಕೆ ಬೇಗ ಬದಲಿಸಬೇಕು ಎಂದು ನಾನೂ ಅಪ್ಪನೂ ಸುಮ್ಮನಿದ್ದೆವು. ಹಿಂದಿನ ಮಳೆಗಾಲಕ್ಕೆ ಮುಂಚೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದ್ದೆವು. ಬಿಲ್ಲಿನಲ್ಲಿ 'ಆಕ್ಸಲ್ ಆಯಿಲ್ ಚೆಕ್ಡ್' ಎಂದು ಬರೆದಿತ್ತು.

ಸದ್ದು ಬಂದ ದಿನ ಸಂಜೆ ಜೀಪಿನಡಿ ಮಲಗಿ ಟಾರ್ಚ್ ಹಾಕಿ ನೋಡಿದೆ. ಎಣ್ಣೆ ತುಂಬುವ ತೂತಿನ ಫಿಲ್ಲರ್ ಪ್ಲಗ್ಗಿನ ಮೇಲೆ ಒಣಗಿ ಗಟ್ಟಿಯಾದ ಕೆಸರು, ಅದರಡಿ ಇನ್ನೊಂದು ಪದರ ಹಳೇ ಕೆಸರು. ಆ ಪ್ಲಗ್ಗನ್ನು ಯಾರೂ ವರ್ಷಗಳಿಂದ ಮುಟ್ಟಿರಲಿಲ್ಲ. ನನಗೆ ಸಿಟ್ಟು ಬಂದದ್ದು ಹೌದು. ಆದರೆ ನಾನೇ ಒಮ್ಮೆ ಅಡಿಯಲ್ಲಿ ಮಲಗಿ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಆ ದಿನದಿಂದ ಕ್ರೌನ್ ಎಣ್ಣೆಯ ಕೆಲಸ ಬೇರೆಯವರ ಕೈಗೆ ಕೊಟ್ಟಿಲ್ಲ.

ಮಾರನೆಯ ದಿನ ನಾಪೋಕ್ಲಿನಿಂದ ಕಾಕ ಬಂದರು. ಅಪ್ಪನ ಕಾಲದಿಂದ ನಮ್ಮ ಜೀಪು ನೋಡುವ ಮೇಸ್ತ್ರಿ. ಹಿಂದಿನ ಕವರಿನ ಹತ್ತು ಬೋಲ್ಟ್ ಬಿಚ್ಚಿ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಟ್ರೇಗೆ ಬಿದ್ದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣದ ಗಂಜಿ. ಅದೂ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಒಳಗೆ ಹಿಡಿಸುವುದು ಒಂದೂಕಾಲು ಲೀಟರಿನ ಹತ್ತಿರ. ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರವೇ ಪಿನಿಯನ್; ಅದರ ಬೇರಿಂಗ್ ಮೇಲೆ ಸಿಡುಬಿನ ಕಲೆಯ ಹಾಗೆ ಗುಳಿ ಎದ್ದಿದ್ದವು. "ಇಷ್ಟು ಕಮ್ಮಿ ಓಡಿದ ಗಾಡಿಗೆ ಹೀಗಾಯ್ತಲ್ಲ ಕಾಕ" ಅಂದೆ. ಅವರು ಬೆರಳಿಗೆ ಅಂಟಿದ ಗಂಜಿ ತೋರಿಸಿ, "ಮೋನೇ, ಕಿಲೋಮೀಟರ್ ಲೆಕ್ಕ ಮೈಸೂರು ರೋಡಲ್ಲಿ ಓಡುವ ಗಾಡಿಗೆ. ನಿನ್ನ ಜೀಪಿಗೆ ತೋಡಿನ ಲೆಕ್ಕ" ಅಂದರು.

ಈ ಮಾತು ಪೂರ್ತಿ ಅರ್ಥವಾಗಲು ನನಗೆ ಒಂದು ಮಳೆಗಾಲ ಬೇಕಾಯಿತು. ತೋಡಿನ ನೀರು ಕ್ರೌನಿನೊಳಗೆ ಹೋಗುವುದು ಸೀಲು (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹರಿದಾಗ ಮಾತ್ರ ಎಂದು ತಿಳಿದಿದ್ದೆ. ಹಾಗಲ್ಲ. ಏರು ಹತ್ತಿ ಬಂದ ಕ್ರೌನಿನ ಹೊರಗವಚ, ಅಂದರೆ ಹೌಸಿಂಗ್, ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಅದನ್ನು ಒಮ್ಮೆಲೇ ತಣ್ಣೀರಿಗೆ ಇಳಿಸಿದರೆ ಗಾಳಿ ಕುಗ್ಗುತ್ತದೆ, ಕುಗ್ಗಿದ ಜಾಗ ತುಂಬಲು ಹೊರಗಿನಿಂದ ಏನಾದರೂ ಒಳಗೆ ಬರಲೇಬೇಕು. ಗಾಳಿ ಆಡಲು ಬಿಟ್ಟ ಸಣ್ಣ ಕಿಂಡಿ, ಅಂದರೆ ಬ್ರೀದರ್, ನೀರಿನಡಿ ಇದ್ದರೆ ಅಲ್ಲಿಂದ ನೀರು ಬರುತ್ತದೆ. ಬ್ರೀದರ್ ಕೆಸರು ಮೆತ್ತಿ ಕಟ್ಟಿದ್ದರೆ ಸೀಲಿನ ತುಟಿಯ ಸಂದಿಯಿಂದ ಎಳೆದುಕೊಳ್ಳುತ್ತದೆ. ಕಟ್ಟಿದ ಬ್ರೀದರ್ ಇನ್ನೊಂದು ಕೆಡುಕನ್ನೂ ಮಾಡುತ್ತದೆ: ಬಿಸಿಯಾದಾಗ ಗಾಳಿಗೆ ಹೊರದಾರಿ ಇಲ್ಲದೆ ಎಣ್ಣೆಯನ್ನೇ ಸೀಲಿನಿಂದ ಹೊರಗೆ ದೂಡುತ್ತದೆ. ಹೀಗೆ ಹೋಗುವಾಗ ಎಣ್ಣೆ ಸೋರಿ, ಬರುವಾಗ ನೀರು ಕುಡಿದು ನಮ್ಮ ಕ್ರೌನು ಆ ಗಂಜಿಯನ್ನು ತಯಾರಿಸಿತ್ತು.

ಎಣ್ಣೆ ಕಡಿಮೆಯಾದರೆ ಮೊದಲು ಪಿನಿಯನ್ ಬೇರಿಂಗೇ ಯಾಕೆ ಸಾಯಬೇಕು? ಅದಕ್ಕೆ ನಮ್ಮ ಏರುದಾರಿಯೇ ಕಾರಣ. ಹಿಂದಿನ ಆಕ್ಸಲ್ಲಿನಲ್ಲಿ ಪಿನಿಯನ್ನಿನ ಮೂತಿ ಮುಂದಕ್ಕಿರುತ್ತದೆ. ಜೀಪು ಮೂತಿ ಎತ್ತಿ ಹತ್ತುವಾಗ ಎಣ್ಣೆ ಹಿಂದಕ್ಕೆ, ಕವರಿನ ಕಡೆಗೆ ಇಳಿಯುತ್ತದೆ. ಪಿನಿಯನ್ನಿನ ಮುಂದಿನ ಬೇರಿಂಗ್ ಎಣ್ಣೆಯ ಮಟ್ಟಕ್ಕಿಂತ ಮೇಲೆ ಉಳಿಯುತ್ತದೆ. ಮಟ್ಟ ಸರಿಯಿದ್ದರೆ ಕ್ರೌನ್ ವೀಲ್ ಎರಚುವ ಎಣ್ಣೆ ಅಲ್ಲಿಗೆ ಮುಟ್ಟುತ್ತದೆ, ಅರ್ಧಕ್ಕೆ ಇಳಿದಿದ್ದರೆ ಹೆಚ್ಚು ಹೊರೆ ಹೊತ್ತ ಹೊತ್ತಿನಲ್ಲೇ ಒಣಗುತ್ತದೆ. ಮುಂದಿನ ಆಕ್ಸಲ್ಲಿನಲ್ಲಿ ಪಿನಿಯನ್ ಹಿಂದಕ್ಕೆ ತಿರುಗಿರುವುದರಿಂದ ಏರಿನಲ್ಲಿ ಅದು ಎಣ್ಣೆಯಲ್ಲಿ ಮುಳುಗಿರುತ್ತದೆ, ಇಳಿಜಾರಿನಲ್ಲಿ ಬಾಯಾರುತ್ತದೆ. ಬಯಲುಸೀಮೆಯ ಜೀಪು ಸ್ವಲ್ಪ ಎಣ್ಣೆ ಕಮ್ಮಿಯಿದ್ದರೂ ತಳ್ಳಿಕೊಂಡು ಹೋಗಬಹುದು. ನಮ್ಮದಕ್ಕೆ ಆ ಸೌಲಭ್ಯ ಇಲ್ಲ.

ಬೇರಿಂಗ್ ಬದಲಿಸಿ ಶಿಮ್ (ಸಂದು ಸರಿಹೊಂದಿಸುವ ತೆಳು ತಗಡಿನ ಬಳೆ) ಹಾಕಿ ಸೆಟ್ಟಿಂಗ್ ಮಾಡಿದ್ದು ಕಾಕನೇ. ಪಿನಿಯನ್ ಸೆಟ್ಟಿಂಗ್ ಮನೆಯಂಗಳದ ಕೆಲಸ ಅಲ್ಲ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಎಣ್ಣೆ, ಬ್ರೀದರ್, ಗ್ರೀಸ್ ಇಷ್ಟು ನನ್ನದು.

ಎಣ್ಣೆಯ ಮಟ್ಟ ನೋಡಲು ಮೊದಲು ಬೇಕಾದದ್ದು ಸಮತಟ್ಟಾದ ಜಾಗ. ನಮ್ಮೂರಲ್ಲಿ ಅದೇ ಕಷ್ಟ. ಕಾಫಿ ಒಣಗಿಸುವ ಕಣ ಕಣ್ಣಿಗೆ ಚಪ್ಪಟೆ ಕಂಡರೂ ನೀರು ಹರಿಯಲೆಂದು ಒಂದು ಪಕ್ಕಕ್ಕೆ ವಾಟ ಕೊಟ್ಟಿರುತ್ತಾರೆ. ನಾನು ಚಾಸಿಸ್ ಮೇಲೆ ರಸಮಟ್ಟ ಇಟ್ಟು ನೋಡಿ, ತಗ್ಗಿರುವ ಕಡೆಯ ಚಕ್ರಗಳ ಅಡಿಗೆ ಹಲಗೆ ಕೊಡುತ್ತೇನೆ. ಚಕ್ರಕ್ಕೆ ಮುಂದೆ ಹಿಂದೆ ಮರದ ದಿಮ್ಮಿ, ಗೇರಿನಲ್ಲಿ ಜೀಪು, ಹ್ಯಾಂಡ್ ಬ್ರೇಕ್. ಜಾಕ್ ಬೇಡ, ನೆಲದಿಂದ ಜೀಪು ಅಷ್ಟು ಎತ್ತರದಲ್ಲಿಯೇ ಇದೆ. ಒಂದು ಕಡೆ ಮಾತ್ರ ಎತ್ತಿದರೆ ಮಟ್ಟವೂ ಸುಳ್ಳಾಗುತ್ತದೆ, ಅಡಿಯಲ್ಲಿ ಮಲಗಿದವನಿಗೆ ಅಪಾಯವೂ ಹೌದು.

ಪ್ಲಗ್ಗಿನ ಸುತ್ತ ತಂತಿಬ್ರಷ್ ಹಾಕಿ ಕೆಸರೆಲ್ಲ ಉದುರಿಸಿ ಡೀಸೆಲ್ ಬಟ್ಟೆಯಿಂದ ಒರೆಸದೆ ಪ್ಲಗ್ ಬಿಚ್ಚಬಾರದು, ಇಲ್ಲದಿದ್ದರೆ ಮರಳು ನೇರ ಬೇರಿಂಗಿಗೆ. ಬಿಚ್ಚಿ ಕಿರುಬೆರಳು ಒಳಗೆ ಬಗ್ಗಿಸಿದರೆ ತೂತಿನ ಕೆಳ ಅಂಚಿನಲ್ಲೇ ಎಣ್ಣೆ ತಾಗಬೇಕು. ತಾಗಿದ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡುತ್ತೇನೆ. ಜೇನಿನ ಬಣ್ಣದಿಂದ ಕಪ್ಪಿನವರೆಗೆ ಯಾವುದಾದರೂ ಹೆದರಬೇಕಿಲ್ಲ, ಬೂದು ಅಥವಾ ಹಾಲಿನ ಬಣ್ಣ ಕಂಡರೆ ಎಷ್ಟೇ ಹೊಸ ಎಣ್ಣೆಯಾಗಿದ್ದರೂ ಅದೇ ದಿನ ಇಳಿಸಬೇಕು. ಸಂಶಯವಿದ್ದರೆ ಒಂದು ಹನಿಯನ್ನು ಚೆನ್ನಾಗಿ ಕಾದ ಹಳೆಯ ತಗಡಿನ ಮೇಲೆ ಬಿಡುತ್ತೇನೆ. ನೀರಿದ್ದರೆ ಒಗ್ಗರಣೆಯ ಹಾಗೆ ಚಟಚಟ ಎನ್ನುತ್ತದೆ, ಇಲ್ಲದಿದ್ದರೆ ಸುಮ್ಮನೆ ಹೊಗೆಯಾಡುತ್ತದೆ.

ಪೂರ್ತಿ ಬದಲಿಸುವ ದಿನ ಮೊದಲು ಐದಾರು ಕಿಲೋಮೀಟರ್ ಓಡಿಸಿ ಬಂದು, ಎಣ್ಣೆ ಬಿಸಿಯಿರುವಾಗಲೇ ಇಳಿಸುತ್ತೇನೆ. ಇಳಿಸುವ ಮುಂಚೆ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಎಣ್ಣೆಯೆಲ್ಲ ಇಳಿಸಿದ ಮೇಲೆ ಆ ಪ್ಲಗ್ ಜಂಗು ಹಿಡಿದು ಕೂತಿದೆ ಎಂದು ಗೊತ್ತಾದರೆ ಜೀಪು ಅಲ್ಲೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಕವರನ್ನೇ ತೆಗೆಯುವುದು ನನಗೆ ಇಷ್ಟ. ಹಲ್ಲುಗಳ ಮೇಲೆ ಬೆರಳಾಡಿಸಬಹುದು, ತಳದಲ್ಲಿ ಕೂತ ಗಸಿಯನ್ನು ಬಳಿಯಬಹುದು. ಆ ಗಸಿಯಲ್ಲಿ ಅಯಸ್ಕಾಂತ ಆಡಿಸಿದಾಗ ಮಸಿಯಂಥ ನುಣ್ಣನೆಯ ಪುಡಿ ಅಂಟಿದರೆ ಸಹಜ, ಉಗುರಿಗೆ ಸಿಗುವ ಚೂರು ಸಿಕ್ಕಿದರೆ ಕಾಕನಿಗೆ ಫೋನು. ಗ್ಯಾಸ್ಕೆಟ್ ಪ್ರತಿ ಸಲ ಹೊಸದು. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಮಾಡುತ್ತೇನೆ.

ನೀರು ಸೇರಿದ ಎಣ್ಣೆ ಒಂದೇ ಸಲಕ್ಕೆ ಹೋಗುವುದಿಲ್ಲ, ಆಕ್ಸಲ್ ಟ್ಯೂಬುಗಳ ಒಳಗೆಲ್ಲ ಆ ಗಂಜಿ ಅಂಟಿಕೊಂಡಿರುತ್ತದೆ. ಅಂಥ ವರ್ಷ ಹೊಸ ಎಣ್ಣೆ ಹಾಕಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಅದನ್ನೂ ಇಳಿಸಿ ಮತ್ತೆ ತುಂಬುತ್ತೇನೆ. ದುಡ್ಡು ದಂಡ ಅನ್ನಿಸಬಹುದು. ಬೇರಿಂಗಿನ ಬೆಲೆ ಕೊಟ್ಟವನಿಗೆ ಹಾಗನ್ನಿಸುವುದಿಲ್ಲ.

ಎಣ್ಣೆ ಯಾವುದು ಎಂಬ ಪ್ರಶ್ನೆಗೆ ಅಂಗಡಿಯಲ್ಲಿ 'ತೊಂಬತ್ತು ನಂಬರ್' ಅಂದರೆ ಸಾಲದು. ಅದು ಎಣ್ಣೆಯ ಮಂದದ ಅಳತೆ ಮಾತ್ರ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ದರ್ಜೆಯೂ ಇರುತ್ತದೆ. ಕ್ರೌನಿನ ಹೈಪಾಯ್ಡ್ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರಿ ಉಜ್ಜುತ್ತವೆ. ಆ ಒತ್ತಡ ತಡೆಯಲು ಗಂಧಕ, ರಂಜಕದ ಅಂಶ ಹೆಚ್ಚಿರುವ ಜಿಎಲ್-5 ಬೇಕು. ಹಳೇ ಕ್ರೌನ್ ಎಣ್ಣೆಯ ಕೆಟ್ಟ ವಾಸನೆ ಬರುವುದು ಅದೇ ಗಂಧಕದಿಂದ. ಅದೇ ಡಬ್ಬಿಯಿಂದ ಗೇರ್ ಬಾಕ್ಸಿಗೂ ಸುರಿದರೆ ಅಲ್ಲಿರುವ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗುಗಳನ್ನು ಅದು ಮೆಲ್ಲಗೆ ತಿನ್ನಬಹುದು, ಅಲ್ಲಿಗೆ ಜಿಎಲ್-4. ನಾನು ಎರಡೂ ಡಬ್ಬಿಗೆ ಬೇರೆ ಬೇರೆ ಬಣ್ಣ ಬಳಿದಿಟ್ಟಿದ್ದೇನೆ. ಕ್ರೌನಿಗೆ 80ಡಬ್ಲ್ಯೂ-90. ಸದ್ದು ಅಡಗಲಿ, ಸೋರುವುದು ನಿಲ್ಲಲಿ ಎಂದು ಇನ್ನೂ ಮಂದವಾದ 140 ಹಾಕುವವರಿದ್ದಾರೆ. ಡಿಸೆಂಬರಿನ ಚಳಿಯ ಬೆಳಿಗ್ಗೆ ಬೆಲ್ಲದ ಪಾಕದಂತೆ ನಿಂತ ಎಣ್ಣೆ ಪಿನಿಯನ್ನಿನವರೆಗೆ ಯಾವಾಗ ಮುಟ್ಟೀತು? ನನಗೆ ಅದು ಒಪ್ಪಿಗೆಯಿಲ್ಲ. ಸೋರುವ ಸೀಲನ್ನು ಬದಲಿಸಬೇಕು.

ತುಂಬಿಸಲು ಪಂಪ್ ಇಲ್ಲದಿದ್ದರೂ ನಡೆಯುತ್ತದೆ. ಎಣ್ಣೆ ಡಬ್ಬಿಯನ್ನು ಎರಡು ಗಂಟೆ ಕಣದ ಬಿಸಿಲಿಗಿಟ್ಟು, ಬಾಡಿಯ ಮೇಲಿಂದ ಪಾರದರ್ಶಕ ಟ್ಯೂಬನ್ನು ಪ್ಲಗ್ಗಿನ ತೂತಿಗೆ ಇಳಿಬಿಟ್ಟು, ಮೇಲೆ ಲಾಳಿಕೆಯಿಂದ ನಿಧಾನಕ್ಕೆ ಹುಯ್ಯುವುದು. ತೂತಿನಿಂದ ಹೊರಗೆ ಹರಿಯಲು ತೊಡಗಿದೊಡನೆ ಪ್ಲಗ್ ಹಾಕಬಾರದು. ಎಣ್ಣೆ ಟ್ಯೂಬುಗಳ ಕಡೆಗೆ ಹರಡಿಕೊಳ್ಳಲು ಹತ್ತು ನಿಮಿಷ ಬಿಟ್ಟು ಮತ್ತೆ ಬೆರಳು ಹಾಕಿದರೆ ಇನ್ನೂ ಸ್ವಲ್ಪ ಹಿಡಿಸುತ್ತದೆ. ಮಟ್ಟಕ್ಕಿಂತ ಹೆಚ್ಚು ತುಂಬುವುದೂ ತಪ್ಪೇ, ಅದು ನೊರೆಯೆದ್ದು ಸೀಲಿನಿಂದ ಬ್ರೇಕ್ ಶೂಗೆ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಬ್ರೀದರ್. ಆಕ್ಸಲ್ ಮೇಲಿನ ಹಳೆಯ ಬ್ರೀದರ್ ತೆಗೆದು ನಿಪ್ಪಲ್ ಕೂರಿಸಿ, ಎಣ್ಣೆಗೆ ಕರಗದ ರಬ್ಬರ್ ಹೋಸನ್ನು ಚಾಸಿಸ್ ಗುಂಟ ಸೀಟಿನ ಹಿಂದಿನ ಎತ್ತರದವರೆಗೆ ತಂದೆ. ತುದಿಯನ್ನು ಕೆಳಮುಖ ಮಾಡಿ ಒಂದು ಡೀಸೆಲ್ ಫಿಲ್ಟರ್ ಸಿಕ್ಕಿಸಿದೆ. ಬ್ಲೇಡ್ ಪಟ್ಟೆ (ಸ್ಪ್ರಿಂಗ್) ಕುಣಿಯುವಷ್ಟು ಸಡಿಲ ಬಿಡದಿದ್ದರೆ ಮೊದಲ ಗುಂಡಿಯಲ್ಲೇ ಹೋಸ್ ಕಿತ್ತುಬರುತ್ತದೆ. ಮುಂದಿನದ್ದಕ್ಕೂ ಹೀಗೆಯೇ, ಬಾನೆಟ್ಟಿನೊಳಗೆ ಎತ್ತರಕ್ಕೆ. ಇದಾದ ಮೇಲಿನ ಮಳೆಗಾಲಗಳಲ್ಲಿ ಹಿಂದಿನ ಕ್ರೌನಿನಲ್ಲಿ ಹಾಲಿನ ಬಣ್ಣ ಕಂಡಿಲ್ಲ. ಆದರೂ ತೋಡಿನ ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ ಹೌಸಿಂಗ್ ತಣಿದ ಮೇಲೆ ನೀರಿಗಿಳಿಸುವ ಅಭ್ಯಾಸ ಬಿಟ್ಟಿಲ್ಲ.

ಮುಂದಿನ ಆಕ್ಸಲ್ಲಿಗೆ ಎರಡು ಮಾತು ಹೆಚ್ಚು. ಬೇಡದಾಗ ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸಿಡುವ ಫ್ರೀ ವೀಲ್ ಹಬ್ ಇರುವುದರಿಂದ ಬೇಸಿಗೆಯಲ್ಲಿ ಅದರ ಹಲ್ಲುಗಳು ತಿರುಗುವುದೇ ಇಲ್ಲ. ಎಣ್ಣೆಯೆಲ್ಲ ತಳಕ್ಕಿಳಿದು ಮೇಲಿನ ಭಾಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ ಮಣ್ಣುದಾರಿಯಲ್ಲಿ ಒಂದೆರಡು ಕಿಲೋಮೀಟರ್ ಓಡಿಸುತ್ತೇನೆ. ಇನ್ನು ಚಕ್ರ ಎಡಬಲಕ್ಕೆ ತಿರುಗುವ ಕಡೆಯ ಗುಂಡು ಕೀಲು, ಅಂದರೆ ನಕಲ್. ಅದರೊಳಗಿರಬೇಕಾದದ್ದು ಗ್ರೀಸು. ಅಲ್ಲಿಂದ ತೆಳ್ಳಗೆ ಎಣ್ಣೆ ತೊಟ್ಟಿಕ್ಕಿದರೆ ಆಕ್ಸಲ್ಲಿನ ಒಳಸೀಲು ಸೋತು ಕ್ರೌನ್ ಎಣ್ಣೆ ಗ್ರೀಸನ್ನು ಕರಗಿಸುತ್ತಿದೆ ಎಂದು ಅರ್ಥ. ಹೊರಗಿನ ಸೀಲು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ.

ಈಗ ನನ್ನ ಲೆಕ್ಕ ಹೀಗೆ: ಮೇ ಕೊನೆಗೆ, ಮುಂಗಾರಿನ ಮುಂಚೆ ಒಮ್ಮೆ ಮಟ್ಟ ನೋಡುವುದು. ಮಳೆಯಲ್ಲಿ ತೋಡು ಹಬ್ಬಿನ ಮೇಲೆ ಹರಿದಾಗಲೆಲ್ಲ, ಒಂದೆರಡು ದಿನದೊಳಗೆ, ಬೆರಳು ಹಾಕಿ ಬಣ್ಣ ನೋಡುವುದು. ಇಂಬಳದ ಕಾಟಕ್ಕೆ ಕಾಲಿಗೆ ಸುಣ್ಣ ಹೊಗೆಸೊಪ್ಪಿನ ನೀರು ಹಚ್ಚಿ ಜೀಪಿನ ಅಡಿಗೆ ಹೋಗುವುದು. ತಲಕಾವೇರಿಯ ತೀರ್ಥೋದ್ಭವ ಕಳೆದು ಬಿಸಿಲು ಬಂದ ಮೇಲೆ, ಅರೇಬಿಕಾ ಕುಯ್ಲಿಗೆ ಮುಂಚೆ, ಎರಡೂ ಕ್ರೌನಿನ ಎಣ್ಣೆ ಪೂರ್ತಿ ಬದಲು. ದಿನಾಂಕ, ಬಣ್ಣ, ಎಷ್ಟು ಇಳಿಯಿತು, ಎಷ್ಟು ಹಿಡಿಸಿತು, ಎಲ್ಲ ಕಾಫಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿದೆ.

ಇಳಿಸಿದ ಎಣ್ಣೆಯನ್ನು ಬೇಲಿಗೂಟಕ್ಕೆ ಬಳಿಯುವುದು ಇಲ್ಲಿ ರೂಢಿ. ನಮ್ಮಲ್ಲೂ ಇತ್ತು. ನಮ್ಮ ಬೇಲಿ ತೋಡಿನ ಗುಂಟ ಇದೆ, ತೋಡು ಹೋಗಿ ಸೇರುವುದು ಕಾವೇರಿಗೆ. ಕೆಳಗಿನ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆಯ) ಜನ ಅದೇ ನೀರಲ್ಲಿ ಪಾತ್ರೆ ತೊಳೆಯುತ್ತಾರೆ. ಈಗ ಹಳೇ ಡಬ್ಬಿಗಳಲ್ಲಿ ತುಂಬಿ ಮುಚ್ಚಳ ಬಿಗಿದಿಟ್ಟು, ಪೇಟೆಯಲ್ಲಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡುತ್ತೇನೆ.

ಕಳೆದ ಅಕ್ಟೋಬರಿನಲ್ಲಿ ಹಿಂದಿನದ್ದು ಒಂದೂಕಾಲು ಲೀಟರ್ ಇಳಿಯಿತು, ಅಷ್ಟೇ ಹಿಡಿಸಿತು. ಮುಂದಿನ ಎಡಗಡೆಯ ನಕಲ್ಲಿನಲ್ಲಿ ಮಾತ್ರ ತೆಳ್ಳನೆಯ ಪಸೆ ಕಂಡಿದೆ. ಒಳಸೀಲು ತಂದಿಟ್ಟಾಗಿದೆ, ಈ ಭಾನುವಾರ ಕಾಕ ಬಂದರೆ ಇಬ್ಬರೂ ಸೇರಿ ಬಿಚ್ಚುತ್ತೇವೆ.