ಬಳ್ಳಾರಿಯ ಕೆಂಧೂಳಿನಲ್ಲಿ ಹಳೆಯ ಸಾಫ್ಟ್‌ಟಾಪ್ ಜೀಪಿನ ಆರೈಕೆ

ಸೆಕೆಂಡ್ ಹ್ಯಾಂಡ್ ಸಾಫ್ಟ್‌ಟಾಪ್ ಜೀಪು (ಮಡಚಬಹುದಾದ ಬಟ್ಟೆಯ ಮೇಲ್ಹೊದಿಕೆ ಇರುವ ಜೀಪು) ಕೊಂಡವರು ಎಂಜಿನ್ ಆಯಿಲ್, ಏರ್ ಫಿಲ್ಟರ್ ಬದಲಾಯಿಸಿದ ಮೇಲೆ ಮೊದಲು ಗಮನ ಕೊಡಬೇಕಾದದ್ದು ಅದರ ಮೇಲ್ಹೊದಿಕೆಗೆ. ಸಂಡೂರಿನ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಏಳುವ ಕೆಂಧೂಳು ಹೊಲಿಗೆಗಳ ಒಳಗೆ, ಜಿಪ್‌ನ ಹಲ್ಲುಗಳ ನಡುವೆ ಕೂರುತ್ತದೆ. ಅದನ್ನು ಒಣಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ ಕಿಟಕಿಯ ಮೇಲೆ ಗೀರು ಬೀಳುವುದು ಖಂಡಿತ. ಆದ್ದರಿಂದ ಬಿಸಿಲೇರುವ ಮುನ್ನ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಮೊದಲು ಬರೀ ನೀರು ಹರಿಸಿ ಧೂಳನ್ನು ಇಳಿಸಿ, ಅನಂತರ ಸೌಮ್ಯವಾದ ಕಾರ್ ಶಾಂಪೂ ಮತ್ತು ಮೃದು ಬ್ರಷ್‌ನಿಂದ ತೊಳೆಯಿರಿ. ಬಟ್ಟೆ ಒಗೆಯುವ ಪುಡಿ, ಬ್ಲೀಚ್ ಬೇಡವೇ ಬೇಡ. ಬಾಗಿಲಿನ ರಬ್ಬರ್ ಪಟ್ಟಿಗಳಿಗೆ ಸಿಲಿಕೋನ್ ಸ್ಪ್ರೇ ಸಾಕು. ಗ್ರೀಸ್ ಅಥವಾ ಡೀಸೆಲ್ ಹಚ್ಚಿದರೆ ರಬ್ಬರ್ ಉಬ್ಬಿ ಕೆಡುತ್ತದೆ. ನೆಲದ ಮ್ಯಾಟ್ ಎತ್ತಿ, ನೀರು ಹೋಗುವ ರಂಧ್ರಗಳಲ್ಲಿ ಕಟ್ಟಿಕೊಂಡ ಕೆಸರನ್ನು ತೆಗೆಯಿರಿ, ಏಕೆಂದರೆ ನೀರು ನಿಂತಲ್ಲೇ ತುಕ್ಕು ಹಿಡಿಯುತ್ತದೆ. ಹೊದಿಕೆ ಪೂರ್ತಿ ಒಣಗುವವರೆಗೆ ಅದನ್ನು ಮಡಚಬೇಡಿ.